ಅಬುವಿನ ನಕ್ಕಿ ಕೆರೆ ದಂಡೆಯಲ್ಲಿ ಕಾರ್ಕಳದ ನೆನಪು

ಮೇ ತಿಂಗಳು ಬಂತೆಂದರೆ ಅಹಮದಾಬಾದ್, ಬರೋಡಾ, ಸೂರತ್‌ಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಒಂದೇ ಪ್ರಶ್ನೆ: ‘ಊರಿಗೆ ಯಾವಾಗ?’ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಈ ಪ್ರಶ್ನೆ ನಿಂತುಹೋಗಿದೆ. ಕಾರ್ಕಳದ ಹಿರಿಯರ ಮನೆ ಪಾಲಾಗಿ ಮಾರಾಟವಾಯಿತು. ಎಂಬತ್ತು ದಾಟಿದ ಅಮ್ಮ ಅಹಮದಾಬಾದಿನ ಮೂರನೆಯ ಮಾಳಿಗೆಯ ನಮ್ಮ ಫ್ಲ್ಯಾಟಿಗೆ ಬಂದರು. ಮಂಡಿನೋವಿನಿಂದಾಗಿ ಒಂದು ಹಗಲು, ಒಂದು ರಾತ್ರಿಯ ರೈಲು ಪ್ರಯಾಣ ಅವರಿಗೆ ಆಗದು ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವು.

ಆದರೆ ಇಲ್ಲಿನ ಬಿಸಿಲು ಓದುಗರಿಗೆ ಗೊತ್ತೇ ಇದೆ. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ದಾಖಲಾಗಿತ್ತು. ಈ ಬಾರಿ ಬ್ಯಾಂಕಿನಲ್ಲಿ ನಾಲ್ಕು ದಿನ ರಜೆ ಹಾಕಿ ಅಮ್ಮ, ಹೆಂಡತಿ ಮತ್ತು ಹತ್ತನೇ ತರಗತಿ ಮುಗಿಸಿದ ಮಗಳೊಂದಿಗೆ ಮೌಂಟ್ ಅಬುವಿಗೆ ಹೊರಟೆ. ಅಹಮದಾಬಾದಿನಿಂದ ಅಬು ರೋಡ್ ಸ್ಟೇಶನ್‌ಗೆ ರೈಲಿನಲ್ಲಿ ಸುಮಾರು ನಾಲ್ಕು ತಾಸು. ಅಲ್ಲಿಂದ 28 ಕಿ.ಮೀ. ಘಾಟಿ ರಸ್ತೆ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಈ ಪುಟ್ಟ ಊರು ರಾಜಸ್ಥಾನದ ಏಕೈಕ ಗಿರಿಧಾಮ. ಅರಾವಳಿಯ ಅತಿ ಎತ್ತರದ ಶಿಖರ ಗುರು ಶಿಖರ (1,722 ಮೀ.) ಇರುವುದೂ ಇಲ್ಲಿಯೇ.

ಕನ್ನಡಿಗರು ನೆನಪಿಡಬೇಕಾದ ಒಂದು ಸಂಗತಿ ಇದೆ. 1950ರಿಂದ ಅಬು ಆಗಿನ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳೂ ಅದೇ ರಾಜ್ಯದಲ್ಲಿದ್ದವು. ನಾವು ಪ್ರತಿವರ್ಷ ರಾಜ್ಯೋತ್ಸವ ಆಚರಿಸುವ ನವೆಂಬರ್ 1ರಂದೇ, ಅಂದರೆ 1956ರಲ್ಲಿ, ಆ ಜಿಲ್ಲೆಗಳು ಮೈಸೂರಿಗೆ ಸೇರಿದವು, ಅಬು ರಾಜಸ್ಥಾನಕ್ಕೆ ಹೋಯಿತು.

ಊರಿನ ನಡುವೆ ನಕ್ಕಿ ಕೆರೆ. ದೇವತೆಗಳು ಉಗುರಿನಿಂದ ತೋಡಿದ್ದು, ಆದ್ದರಿಂದ ಈ ಹೆಸರು ಎಂಬುದು ಸ್ಥಳಪುರಾಣ. ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು 1948ರ ಫೆಬ್ರವರಿ 12ರಂದು ಇಲ್ಲಿ ವಿಸರ್ಜಿಸಲಾಯಿತು. ಆ ಜಾಗ ಈಗ ಗಾಂಧಿ ಘಾಟ್. ಸಂಜೆಯಾದರೆ ದೋಣಿಗೆ ಸಾಲು, ಸುಟ್ಟ ಜೋಳದ ವಾಸನೆ, ಎಲ್ಲೆಲ್ಲೂ ಗುಜರಾತಿ ಮಾತು. ಮಕ್ಕಳನ್ನೂ ಸಾಮಾನನ್ನೂ ಕೂರಿಸಿ ತಳ್ಳುವ ‘ಬಾಬಾ ಗಾಡಿ’ಯಲ್ಲಿ ಕುಳಿತುಕೊಳ್ಳಿ ಎಂದರೆ ಅಮ್ಮ ಒಪ್ಪಲಿಲ್ಲ. ಕೋಲೂರಿಕೊಂಡು ನಿಧಾನವಾಗಿ ದಂಡೆಯಲ್ಲೇ ನಡೆದರು. ಒಂದು ಕಡೆ ಕುಳಿತು, ‘ನಮ್ಮ ಆನೆಕೆರೆಯ ಹಾಗೆಯೇ ಉಂಟಲ್ಲ ಮಗಾ’ ಎಂದರು.

ಮಗಳು ‘ಆನೆಕೆರೆ ಅಂದ್ರೆ ಏನಜ್ಜಿ?’ ಎಂದು ಕೇಳಿದಳು. ನನಗೆ ನಾಚಿಕೆಯಾಯಿತು. ಹದಿನಾರು ವರ್ಷದ ಹುಡುಗಿಗೆ ನಾನು ಊರಿನ ಕೆರೆಯ ಹೆಸರನ್ನೂ ಹೇಳಿರಲಿಲ್ಲ. ಆನೆಗಳನ್ನು ಹಚ್ಚಿ ತೋಡಿಸಿದ ಕೆರೆ ಅದೆಂಬ ಪ್ರತೀತಿ, ನೀರಿನ ನಡುವೆ ಇರುವ ಬಸದಿ, 1432ರಲ್ಲಿ ಪ್ರತಿಷ್ಠೆಗೊಂಡ 42 ಅಡಿಯ ಗೊಮ್ಮಟ, ಎಲ್ಲವನ್ನೂ ಅಮ್ಮ ಅವಳಿಗೆ ಕತ್ತಲಾಗುವವರೆಗೆ ಹೇಳಿದರು. ಮನೆಯಲ್ಲಿ ಗುಜರಾತಿಯಲ್ಲೇ ಉತ್ತರ ಕೊಡುವ ಹುಡುಗಿ ಅಂದು ಕನ್ನಡದಲ್ಲೇ ಒಂದಾದ ಮೇಲೊಂದು ಪ್ರಶ್ನೆ ಕೇಳಿದಳು.

ಮರುದಿನ ದಿಲ್ವಾಡಾ ಜೈನ ದೇವಾಲಯಗಳಿಗೆ ಹೋದೆವು. ಗುಜರಾತಿನ ಸೋಲಂಕಿ ರಾಜ ಭೀಮದೇವನ ಮಂತ್ರಿ ವಿಮಲ ಶಾಹ 1031ರಲ್ಲಿ ಕಟ್ಟಿಸಿದ ವಿಮಲ ವಸಹಿ, ವಸ್ತುಪಾಲ-ತೇಜಪಾಲ ಸಹೋದರರು 1230ರಲ್ಲಿ ಕಟ್ಟಿಸಿದ ಲೂಣ ವಸಹಿ ಇಲ್ಲಿನ ಮುಖ್ಯ ಆಕರ್ಷಣೆ. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಒಳಗೆ ಛಾವಣಿಯಿಂದ ಇಳಿಬಿದ್ದ ಅಮೃತಶಿಲೆಯ ಕಮಲ ಬೆಳಕಿಗೆ ಹಿಡಿದರೆ ಪಾರದರ್ಶಕವೇನೋ ಎನ್ನುವಷ್ಟು ತೆಳು. ಈ ಕಲ್ಲನ್ನು ಅಂಬಾಜಿ ಬಳಿಯ ಆರಾಸುರ ಬೆಟ್ಟದಿಂದ ಆನೆಗಳ ಮೇಲೆ ತಂದರೆಂದು ಹೇಳುತ್ತಾರೆ. ‘ಇಲ್ಲಿಯೂ ಆನೆಯೇ’ ಎಂದು ಅಮ್ಮ ನಕ್ಕರು. ಅದೇ ಆವರಣದಲ್ಲಿ ಪಾರ್ಶ್ವನಾಥನ ಮೂರಂತಸ್ತಿನ ಚೌಮುಖ ಮಂದಿರವಿದೆ. ನಾಲ್ಕು ದಿಕ್ಕಿಗೂ ಮುಖ ಮಾಡಿದ ತೀರ್ಥಂಕರರನ್ನು ಕಂಡು ಅಮ್ಮ ಕೈಮುಗಿದರು. 1586ರಲ್ಲಿ ಕಟ್ಟಿದ ಕಾರ್ಕಳದ ಚತುರ್ಮುಖ ಬಸದಿಯೂ ಹೀಗೆಯೇ ನಾಲ್ಕು ದಿಕ್ಕಿಗೆ ಬಾಗಿಲು ತೆರೆದಿದೆ. ಆದರೆ ಅದು ಕರಿಗಲ್ಲಿನದು.

ಹೋಗುವವರಿಗೆ ಕೆಲವು ಸೂಚನೆಗಳು. ಶನಿವಾರ, ಭಾನುವಾರ ಗುಜರಾತಿನ ಜನಸಂದಣಿಯಿಂದ ರೂಮ್ ಸಿಗುವುದು ಕಷ್ಟ. ವಾರದ ನಡುವೆ ಹೋಗಿರಿ. ದಿಲ್ವಾಡಾದಲ್ಲಿ ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನದ ನಂತರ. ಚರ್ಮದ ವಸ್ತು, ಕ್ಯಾಮೆರಾ ಒಯ್ಯುವಂತಿಲ್ಲ. ಸೂರತ್‌ನವರಿಗೆ ಅಬು ದೂರವೆನಿಸಿದರೆ ಡಾಂಗ್ ಜಿಲ್ಲೆಯ ಸಾಪುತಾರಾ ಇದೆ, ಅಲ್ಲಿಯೂ ಕೆರೆ ಇದೆ. ನಮ್ಮ ಸಂಘಗಳು ಪಿಕ್‌ನಿಕ್ ಏರ್ಪಡಿಸುವಾಗ ಮನೆಯಲ್ಲೇ ಉಳಿಯುವ ಹಿರಿಯರನ್ನೂ ಕರೆದೊಯ್ಯಬೇಕೆಂದು ನನ್ನ ವಿನಂತಿ. ಮಕ್ಕಳಿಗೆ ಊರಿನ ವಿಷಯ ಹೇಳಲು ಅವರಿಗಿಂತ ಬೇರೆ ಯಾರಿದ್ದಾರೆ?

ಹಿಂದಿರುಗುವಾಗ ರೈಲಿನಲ್ಲಿ ಮಗಳು, ‘ಡಿಸೆಂಬರ್‌ನಲ್ಲಿ ಕಾರ್ಕಳಕ್ಕೆ ಹೋಗೋಣ. ಮನೆ ಇಲ್ಲದಿದ್ದರೇನು, ಇಲ್ಲಿಯ ಹಾಗೆ ರೂಮ್ ಮಾಡೋಣ’ ಎಂದಳು. ‘ನಮ್ಮೂರಲ್ಲೇ ಲಾಡ್ಜಿನಲ್ಲಿ ಉಳಿಯುವುದಾ?’ ಎಂದು ಅಮ್ಮ ಮುಖ ತಿರುಗಿಸಿದರು. ನಾವು ಯಾರೂ ಮಾತಾಡಲಿಲ್ಲ. ಪಾಲನ್‌ಪುರ ದಾಟಿದ ಮೇಲೆ ಅವರೇ ನನ್ನನ್ನು ಕರೆದು ಹೇಳಿದರು: ‘ಆನೆಕೆರೆಯ ಹತ್ತಿರ ಸಿಗುತ್ತದೋ ಕೇಳಿ ನೋಡು. ಕೆಳಗಿನ ಮಾಳಿಗೆಯಲ್ಲಿ.’