ಮೈಸೂರು ಪಾಕ್ ಯಾಕೆ ಕಿತ್ತಳೆ?

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬ್ಯಾಗನ್ನು ಬೆಲ್ಟಿನ ಮೇಲಿಟ್ಟು ಮುಂದೆ ನಡೆಯುವವರಿಗೆ ಯಂತ್ರದ ಪರದೆ ಕಾಣುವುದಿಲ್ಲ. ಮಗಳ ಮನೆಗೆಂದು ರಟ್ಟಿನ ಡಬ್ಬಿಯಲ್ಲಿ ಕಟ್ಟಿಸಿಕೊಂಡ ಮೈಸೂರು ಪಾಕ್ ಆ ಪರದೆಯಲ್ಲಿ ದಟ್ಟ ಕಿತ್ತಳೆ ಬಣ್ಣದ ಇಟ್ಟಿಗೆ. ಚಕ್ಕುಲಿ ತುಂಬಿದ ಸ್ಟೀಲ್ ಡಬ್ಬಿ ನೀಲಿ. ಸೀರೆಯ ಮಡಿಕೆಗಳು ತಿಳಿ ಕಿತ್ತಳೆಯ ಮಂಜಿನಂತೆ.

ಯಂತ್ರ ನೋಡುವುದು ನೆರಳನ್ನು. 1895ರಲ್ಲಿ ಎಕ್ಸ್-ಕಿರಣ ಕಂಡುಹಿಡಿದ ರಾಂಟ್‌ಜೆನ್ ತಮ್ಮ ಹೆಂಡತಿಯ ಕೈಯ ಮೂಳೆ, ಉಂಗುರಗಳ ನೆರಳು ಹಿಡಿದರಲ್ಲ, ಅದೇ ಬಗೆ. ಎಕ್ಸ್-ಕಿರಣ ಬೀಸಣಿಗೆಯಂತೆ ಹರಡಿ ಬ್ಯಾಗನ್ನು ಹಾದುಹೋಗುತ್ತದೆ. ಎದುರಿಗೆ ಸಂವೇದಕಗಳ ಸಾಲು. ಬೆಲ್ಟ್ ಸರಿದಂತೆ ಒಂದೊಂದೇ ಗೆರೆ ಕೂಡಿ ಚಿತ್ರವಾಗುತ್ತದೆ.

ಬಣ್ಣ ಬರುವುದು ಇನ್ನೊಂದು ಜಾಣತನದಿಂದ. ಸಂವೇದಕಗಳಿಗೆ ಎರಡು ಪದರ: ಮುಂದಿನದು ಕಡಿಮೆ ಶಕ್ತಿಯ ಕಿರಣಗಳನ್ನು ಹಿಡಿದರೆ, ಹಿಂದಿನದು ಹೆಚ್ಚು ಶಕ್ತಿಯವನ್ನು. ಕಬ್ಬಿಣ, ತಾಮ್ರದಂಥ ಭಾರದ ಪರಮಾಣುಗಳು ಕಡಿಮೆ ಶಕ್ತಿಯ ಕಿರಣವನ್ನು ಬಹುಪಾಲು ನುಂಗಿಬಿಡುತ್ತವೆ. ಕಾರ್ಬನ್, ಆಮ್ಲಜನಕದಂಥ ಹಗುರವಾದವು ಅಷ್ಟು ನುಂಗವು. ಎರಡೂ ಪದರಗಳ ಲೆಕ್ಕ ಹೋಲಿಸಿದ ಗಣಕ ಹಗುರ ಪರಮಾಣುಗಳಿಗೆ ಕಿತ್ತಳೆ, ಲೋಹಕ್ಕೆ ನೀಲಿ, ನಡುವಿನವಕ್ಕೆ ಹಸಿರು ಬಳಿಯುತ್ತದೆ. ಕಿರಣ ದಾಟಲಾಗದ ಕಡೆ ಕಪ್ಪು.

ತುಪ್ಪ, ಸಕ್ಕರೆ, ಕಡಲೆಹಿಟ್ಟು ಎಲ್ಲವೂ ಮುಖ್ಯವಾಗಿ ಕಾರ್ಬನ್, ಜಲಜನಕ, ಆಮ್ಲಜನಕ. ಪ್ಲಾಸ್ಟಿಕ್ ಸ್ಫೋಟಕಗಳಲ್ಲೂ ಇವೇ ಇವೆ, ಜೊತೆಗೆ ಸಾರಜನಕ. ಹಾಗಾಗಿ ಗಟ್ಟಿ ಸಿಹಿತಿಂಡಿಯ ಪಕ್ಕದಲ್ಲೇ ಚಾರ್ಜರಿನ ವೈರು, ಪವರ್ ಬ್ಯಾಂಕು ಬಿದ್ದಿದ್ದರೆ ಬ್ಯಾಗು ತೆರೆಸುವುದು ಸಿಬ್ಬಂದಿಯ ಕರ್ತವ್ಯ. ಡಬ್ಬಿಯನ್ನು ಮೇಲುಗಡೆ ಒಂಟಿಯಾಗಿಟ್ಟು, ವೈರುಗಳನ್ನೆಲ್ಲ ಸುತ್ತಿ ಒಂದೇ ಚೀಲಕ್ಕೆ ಹಾಕಿದರೆ ನೆರಳು ನೆರಳಿನ ಮೇಲೆ ಬೀಳದು. ಲ್ಯಾಪ್‌ಟಾಪನ್ನು ಬೇರೆ ಟ್ರೇಯಲ್ಲಿ ಇಡಿಸುವುದೂ ಇದಕ್ಕೇ: ಅದರ ಬ್ಯಾಟರಿ, ಸರ್ಕ್ಯೂಟುಗಳ ದಟ್ಟ ನೆರಳು ಕೆಳಗಿದ್ದುದನ್ನೆಲ್ಲ ಮುಚ್ಚಿಬಿಡುತ್ತದೆ.

ಪವರ್ ಬ್ಯಾಂಕು ಮಾತ್ರ ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕ್ಯಾಬಿನ್ನಿನಲ್ಲಿ ಯಾರಾದರೂ ಕೂಡಲೇ ಆರಿಸಬಹುದು, ಸರಕಿನ ಗೂಡಿನಲ್ಲಿ ಕೈಗೆಟುಕದು. 10,000 ಎಂಎಎಚ್‌ನದು ಸುಮಾರು 37 ವ್ಯಾಟ್-ಅವರ್. ಸಾಮಾನ್ಯ ಮಿತಿ 100.

ಪರದೆಯ ಮುಂದೆ ಕೂತವರ ಕೆಲಸ ದೊಡ್ಡದು. ಸಾವಿರಾರು ಬ್ಯಾಗುಗಳಲ್ಲಿ ಏನೂ ಸಿಗದಿದ್ದಾಗ ಕಣ್ಣು ಮಂಕಾಗುವುದು ಸಹಜ. ಅದಕ್ಕಾಗಿ ಅನೇಕ ಯಂತ್ರಗಳ ತಂತ್ರಾಂಶವೇ ಆಗಾಗ ಪ್ರಯಾಣಿಕರ ಬ್ಯಾಗಿನ ಚಿತ್ರದೊಳಗೆ ಇಲ್ಲದ ಪಿಸ್ತೂಲನ್ನೋ ಚಾಕುವನ್ನೋ ಮೂಡಿಸುತ್ತದೆ. ಗುರುತಿಸಿ ಗುಂಡಿ ಒತ್ತಿದ ಮೇಲಷ್ಟೇ ಅದು ಪರೀಕ್ಷೆಯ ಚಿತ್ರವೆಂದು ಗೊತ್ತಾಗುತ್ತದೆ.

ಇಷ್ಟಾದರೂ ನೆರಳಿಗೆ ತಿಳಿಯದ ಸಂಗತಿಗಳಿವೆ. ಬಾಟಲಿಯಲ್ಲಿರುವುದು ನೀರೋ ದ್ರವ ಸ್ಫೋಟಕವೋ ಎಂದು ಹಳೆಯ ಯಂತ್ರ ಖಚಿತವಾಗಿ ಹೇಳಲಾರದು. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉರುಳಿಸುವ ಸಂಚು ಬಯಲಾದ ಮೇಲೆ ಬಂದದ್ದೇ ಕೈಚೀಲದ ದ್ರವಗಳಿಗೆ 100 ಮಿಲಿಲೀಟರ್ ಮಿತಿ.

ಈಗ ಬರುತ್ತಿರುವುದು ಆಸ್ಪತ್ರೆಯ ಸಿಟಿ ಸ್ಕ್ಯಾನರಿನ ತಮ್ಮ. ಎಂಜಿನಿಯರ್ ಹೌನ್ಸ್‌ಫೀಲ್ಡ್ ರೂಪಿಸಿದ ಆ ಆಸ್ಪತ್ರೆ ಯಂತ್ರ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೆದುಳನ್ನು ನೋಡಿತು. 1979ರಲ್ಲಿ ಭೌತವಿಜ್ಞಾನಿ ಕಾರ್ಮಾಕ್ ಜೊತೆ ಹೌನ್ಸ್‌ಫೀಲ್ಡರಿಗೆ ನೊಬೆಲ್ ಬಂತು. ವಿಮಾನ ನಿಲ್ದಾಣದ ಈ ಹೊಸ ಯಂತ್ರದಲ್ಲಿ ಕಿರಣದ ಮೂಲ ಬ್ಯಾಗಿನ ಸುತ್ತ ತಿರುಗಿ ಹೋಳು ಹೋಳಾಗಿ ಚಿತ್ರ ತೆಗೆಯುತ್ತದೆ, ಪ್ರತಿ ವಸ್ತುವಿನ ಸಾಂದ್ರತೆ ಅಳೆಯುತ್ತದೆ. ಸಿಬ್ಬಂದಿ ಚಿತ್ರವನ್ನು ಬೆರಳಲ್ಲಿ ತಿರುಗಿಸಿದರೆ ಮೈಸೂರು ಪಾಕ್ ಒಂದು ಕಡೆ, ಅದರ ಹಿಂದಿದ್ದ ಚಾರ್ಜರ್ ಇನ್ನೊಂದು ಕಡೆ. ಅಂಥ ಯಂತ್ರ ಇರುವಲ್ಲಿ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಉಳಿಯಬಹುದು. ಇಲ್ಲದಲ್ಲಿ ಟ್ರೇಗೆ ಇಳಿಯಬೇಕು.