ಹಳೆ ಜೀಪಿನ ಕೆಳಗೆ ಆಯಿಲ್ ಕಲೆ

ಎಸ್ಟೇಟಿನ ಹಳೆ ಮಹೀಂದ್ರಾ ಜೀಪಿನ ಕೆಳಗೆ ಆಯಿಲ್ ತೊಟ್ಟಿಕ್ಕಿದೆಯಾ? ಬೆರಳಿಗೆ ಹಚ್ಚಿ ಮೂಸಿ. ಮಂದವಾಗಿದ್ದು ಗಂಧಕದ ಘಾಟು ಹೊಡೆದರೆ ಅದು ಗೇರ್ ಆಯಿಲ್. ಸೀಲ್ ಬದಲಿಸೋ ಮೊದಲು ಆಕ್ಸಲ್ ಮೇಲಿನ ಬ್ರೀದರ್ ನೋಡಿ. ಅದರಲ್ಲಿ ಕೆಸರು ಕಟ್ಟಿಕೊಂಡಿದ್ದರೆ ಒಳಗಿನ ಬಿಸಿಗಾಳಿಗೆ ದಾರಿಯಿಲ್ಲ. ಆ ಗಾಳಿ ಆಯಿಲನ್ನೇ ಸೀಲಿನಿಂದ ಹೊರಗೆ ತಳ್ಳುತ್ತೆ. ಹೊಸ ಸೀಲ್ ಹಾಕಿದರೂ ಅದೇ ಕಥೆ, ಮೆಕ್ಯಾನಿಕ್‌ಗೆ ಬೈಗುಳ ಬೇರೆ!

ಹಳೆ ಜೀಪಿನ ಇನ್ನೊಂದು ತೊಂದರೆ: ಫೋರ್ ವೀಲ್ ಲಿವರ್ ಬಿಡ್ತಾ ಇಲ್ವಾ? ಡಾಂಬರು ರಸ್ತೆಯಲ್ಲೂ ಫೋರ್ ವೀಲಲ್ಲೇ ಓಡಿಸಿರ್ತೀರಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಮುಂದಿನ-ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ್ದರಿಂದ ಶಾಫ್ಟುಗಳು ಬಿಗಿದುಕೊಳ್ಳುತ್ತವೆ. ಲಿವರ್ ಜಗ್ಗಬೇಡಿ. ಸ್ವಲ್ಪ ರಿವರ್ಸ್ ಹೋಗಿ, ಬಿಗಿ ಸಡಿಲವಾಗುತ್ತೆ.

ಮತ್ತೆ ಆಯಿಲ್ ವಿಷಯಕ್ಕೆ ಬಂದರೆ, ಚಕ್ರದ ಒಳಬದಿ ಆಯಿಲ್ ಒಸರುತ್ತಿದ್ದರೆ ಮಾತ್ರ ಗಾಡಿ ತೆಗೀಲೇಬೇಡಿ. ಬ್ರೇಕ್ ಲೈನರ್ ನೆನೆದಿರಬಹುದು.