ತೊಟ್ಟಿಯ ನೀರಿಗೆ ತಕ್ಕ ಪಂಪು

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಗೃಹಸ್ಥರಲ್ಲಿ ನಳದ ನೀರು ಬಂದ ದಿನ ತೊಟ್ಟಿಯನ್ನು ತುಂಬಿಟ್ಟು ಹಿತ್ತಲ ಗಿಡಗಳಿಗೆ ಹಂಚುವ ರೂಢಿಯುಂಟು. ಬೇಸಗೆಯಲ್ಲಿ ಕೊಡ ಹೊತ್ತು ಸೋತವರು ಪಂಪನ್ನು ಬಯಸುವುದು ಸಹಜವೇ. ಆದರೆ ಅಂಗಡಿಗೆ ಹೋಗುವ ಮೊದಲು ಲೆಕ್ಕ ಹಾಕತಕ್ಕದ್ದು.

ನಾವು ಲೆಕ್ಕ ಹಾಕದೆ ಒಂದು ಅಶ್ವಶಕ್ತಿಯ ಪಂಪನ್ನು ತಂದೆವು. ಸಾವಿರ ಲೀಟರಿನ ತೊಟ್ಟಿ ಹತ್ತು ಹನ್ನೆರಡು ನಿಮಿಷಗಳಲ್ಲಿ ಬರಿದಾಯಿತು. ಮುಂಗಾರಿಗೆಂದು ಬೆಳೆಸಿದ್ದ ಬ್ಯಾಡಗಿ ಮೆಣಸಿನ ಸಸಿಗಳು ನೀರಿನ ರಭಸಕ್ಕೆ ಬೇರುಸಹಿತ ಎದ್ದುಬಂದವು. ನೀರಿಲ್ಲದೆ ತಿರುಗಿದ ಪಂಪಿನ ಸೀಲೂ ಸುಟ್ಟಿತು. ಉಳಿದಿದ್ದ ಸಸಿಗಳು ಆ ವಾರವೇ ಬಾಡಿದವು. ಮನೆಯಾಕೆ ಮೂರು ದಿನ ನಮ್ಮೊಡನೆ ಮಾತನಾಡಲಿಲ್ಲವೆಂಬುದನ್ನೂ ಇಲ್ಲಿ ಮುಚ್ಚಿಡಲಾರೆವು.

ಸೆಕೆಂಡಿಗೆ 1 ಲೀಟರ್ ನೀರನ್ನು 10 ಮೀಟರ್ ಎತ್ತಲು ಸುಮಾರು 98 ವ್ಯಾಟ್ ಶಕ್ತಿ ಸಾಕು. ಸಣ್ಣ ಪಂಪು ಮೂರರಲ್ಲಿ ಎರಡು ಪಾಲನ್ನು ವ್ಯರ್ಥಮಾಡಿದರೂ ಬೇಕಾಗುವುದು 300 ವ್ಯಾಟ್. ಅರ್ಧ ಅಶ್ವಶಕ್ತಿಯೆಂದರೆ 373. ಹನಿ ನೀರಾವರಿಗೆ ಬೇಕಾದ ಒತ್ತಡವೂ ಹೆಚ್ಚುಕಡಿಮೆ ಆ 10 ಮೀಟರಿನದೇ. ಗಂಟೆಗೆ 4 ಲೀಟರಿನಂತೆ 100 ಗಿಡಗಳು ಕುಡಿಯುವುದು 400 ಲೀಟರ್ ಮಾತ್ರ. ಮಿಕ್ಕದ್ದು ಮರಳಿ ತೊಟ್ಟಿಗೆ ಬೀಳಲೆಂದು ಒಂದು ಕವಲು ನಳಿಗೆಯನ್ನು ಜೋಡಿಸಬೇಕು.

ತೊಟ್ಟಿ ಮಾಳಿಗೆಯ ಮೇಲಿದ್ದು ರಬ್ಬರು ಕೊಳವೆಯಿಂದಲೇ ನೀರುಣಿಸುವವರಿಗೆ ಪಂಪೇ ಬೇಡ. ನೆಲದ ಮೇಲಿದ್ದರೆ, ನೀರು ತಾನಾಗಿ ಒಳನುಗ್ಗುವಂತೆ ತೊಟ್ಟಿಯ ತಳಕ್ಕಿಂತ ಕೆಳಗೆ ಪಂಪನ್ನು ಕೂರಿಸಿರಿ. ನೀರು ತಳ ಮುಟ್ಟುವ ಮೊದಲೇ ಪಂಪನ್ನು ನಿಲ್ಲಿಸುವ ತೇಲುಗುಂಡಿನ ಸ್ವಿಚ್ಚನ್ನು ಅದೇ ದಿನ ಹಾಕಿಸಿಕೊಳ್ಳಿರಿ.